ಆಳು ಅದೇ, ಗುರುತು ಬೇರೆ

ಚನ್ನಪಟ್ಟಣದಲ್ಲಿ ಚುನಾವಣೆ ಬಂದರೆ ಅಭ್ಯರ್ಥಿ ಯಾರು ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಯೋಗೇಶ್ವರ್ ಈ ಸಲ ಯಾವ ಗುರುತು ಅಂತ ತಿಳಿದುಕೊಂಡರೆ ಸಾಕು.

1999ರಲ್ಲಿ ಸಿ.ಪಿ. ಯೋಗೇಶ್ವರ್ ಪಕ್ಷೇತರರಾಗಿ ಗೆದ್ದರು. 2004 ಮತ್ತು 2008ರಲ್ಲಿ ಹಸ್ತ. ಗೆದ್ದು ವರ್ಷ ಆಗುತ್ತಿದ್ದಂತೆ ರಾಜೀನಾಮೆ ಕೊಟ್ಟು ಕಮಲ ಹಿಡಿದರು, 2009ರ ಉಪಚುನಾವಣೆಯಲ್ಲಿ ಜೆಡಿಎಸ್‌ನ ಎಂ.ಸಿ. ಅಶ್ವಥ್ ಎದುರು ಸೋತರು. ಸರಿ, ಜನ ಬುದ್ಧಿ ಕಲಿಸಿದರು ಅಂದುಕೊಳ್ಳುವಷ್ಟರಲ್ಲಿ ಆ ಅಶ್ವಥ್ ಕೂಡ ರಾಜೀನಾಮೆ ಕೊಟ್ಟು ಅದೇ ಬಿಜೆಪಿಗೆ ಹೋದರು! 2011ರಲ್ಲಿ ಮತ್ತೊಂದು ಉಪಚುನಾವಣೆ. ಕಮಲದ ಟಿಕೆಟ್ ಯೋಗೇಶ್ವರ್‌ಗೆ, ಗೆಲುವೂ ಅವರಿಗೇ. ಒಂದು ವಿಧಾನಸಭೆಯ ಅವಧಿಯಲ್ಲಿ ಜನ ಮೂರು ಸಲ ಕ್ಯೂ ನಿಂತು ಬೆರಳಿಗೆ ಶಾಯಿ ಹಾಕಿಸಿಕೊಂಡರು. ಇದೆಲ್ಲ ಕಾನೂನಿನ ಪ್ರಕಾರವೇ. 1985ರಿಂದ ಪಕ್ಷಾಂತರ ನಿಷೇಧ ಕಾಯ್ದೆ ಇದೆ; ಶಾಸಕರಾಗಿದ್ದುಕೊಂಡೇ ಪಕ್ಷ ಬಿಟ್ಟರೆ ತಪ್ಪು, ರಾಜೀನಾಮೆ ಬಿಸಾಕಿ ಹೋಗಿ ಬೇರೆ ಬಾಗಿಲಿಂದ ಒಳಗೆ ಬಂದರೆ ತಪ್ಪಲ್ಲ. ಚುನಾವಣೆ ಖರ್ಚಿಗೆ ಹೇಗೂ ನಾವಿದ್ದೀವಲ್ಲ.

2013ರಲ್ಲಿ ಸೈಕಲ್. ಹೌದು, ಉತ್ತರ ಪ್ರದೇಶದ ಸಮಾಜವಾದಿ ಪಕ್ಷದ ಸೈಕಲ್ಲೇ. ಮೈಸೂರು ರಸ್ತೆಯಲ್ಲಿ ರಾತ್ರೋರಾತ್ರಿ ಸಮಾಜವಾದ ಚಿಗುರಿತು ಅಂದುಕೊಳ್ಳಬೇಡಿ. ಸುಮ್ನೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ಸೈಕಲ್ ಕಂಡಿತು, ಹತ್ತಿದರು, ವಿಧಾನಸೌಧದ ಹತ್ತಿರ ಇಳಿದರು. 2018, 2023ಕ್ಕೆ ಮತ್ತೆ ಕಮಲ, ಎರಡು ಸಲವೂ ಸೋಲು.

ಎದುರಿಗೆ ಯಾರು ಅನ್ನೋದು ಇನ್ನೂ ಮಜಾ. ಇವರು ಪಕ್ಷ ಬದಲಿಸಿದರೆ ಆ ಕಡೆ ಪಕ್ಷ ಹಾಗೇ ಇರುತ್ತದೆ, ಮನೆಯವರು ಬದಲಾಗುತ್ತಾರೆ. 2013ರಲ್ಲಿ ಅನಿತಾ ಕುಮಾರಸ್ವಾಮಿ ಸೋತರು, 2018 ಮತ್ತು 2023ರಲ್ಲಿ ಪತಿ ಎಚ್.ಡಿ. ಕುಮಾರಸ್ವಾಮಿ ಗೆದ್ದರು, 2024ರಲ್ಲಿ ಮಗ ನಿಖಿಲ್ ಸೋತರು. 2013ರಿಂದ ಈಚೆಗೆ ಅಲ್ಲಿನ ಜೆಡಿಎಸ್ ಅಭ್ಯರ್ಥಿಗಳ ಪಟ್ಟಿ ಬೇಕಿದ್ದರೆ ಒಂದು ಮನೆಯ ರೇಷನ್ ಕಾರ್ಡ್ ನೋಡಿದರಾಯಿತು.

ಪಾಪ ಅನಿಸೋದು ಕಾರ್ಯಕರ್ತರನ್ನು ಕಂಡು. 2023ರ ಮೇನಲ್ಲಿ ಬಿಸಿಲಲ್ಲಿ ನಿಂತು ಕುಮಾರಸ್ವಾಮಿ ವಿರುದ್ಧ ಗಂಟಲು ಹರಿದುಕೊಂಡ ಬಿಜೆಪಿ ಹುಡುಗನಿಗೆ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಜೊತೆ ಮೈತ್ರಿ ಆಗಿದೆ ಅಂತ ಸುದ್ದಿ ಬಂತು. ಮುಂದಿನ ವರ್ಷ ಕುಮಾರಸ್ವಾಮಿ ಮಂಡ್ಯದಿಂದ ಗೆದ್ದು ದೆಹಲಿಗೆ ಹೋದರು, ಸೀಟು ಖಾಲಿಯಾಯಿತು. ಮೈತ್ರಿ ಟಿಕೆಟ್ ಕೈಗೆ ಸಿಗುವ ಹಾಗೆ ಕಾಣದಿದ್ದಾಗ ಯೋಗೇಶ್ವರ್ ಅಕ್ಟೋಬರ್‌ನಲ್ಲಿ ತಮ್ಮ ವಿಧಾನ ಪರಿಷತ್ ಸ್ಥಾನಕ್ಕೂ ರಾಜೀನಾಮೆ ಕೊಟ್ಟು ಕಾಂಗ್ರೆಸ್ ಸೇರಿದರು. ಈಗ ಬಿಜೆಪಿ ಹುಡುಗ ಜೆಡಿಎಸ್‌ನ ತೆನೆ ಹೊತ್ತ ಮಹಿಳೆಗೆ ವೋಟು ಕೇಳಬೇಕು. ವರ್ಷಗಟ್ಟಲೆ ಯೋಗೇಶ್ವರ್‌ಗೆ ಬೈದುಕೊಂಡು ಬಂದ ಕಾಂಗ್ರೆಸ್ ಹುಡುಗ ಅವರಿಗೇ ಜೈ ಅನ್ನಬೇಕು. ಇಬ್ಬರೂ ಒಂದೇ ಟೀ ಅಂಗಡಿಗೆ ಬರುವವರು, ಮುಖ ಎಲ್ಲಿ ಇಟ್ಟುಕೊಳ್ಳಬೇಕು ಹೇಳಿ? ನವೆಂಬರ್ 13ಕ್ಕೆ ಮತದಾನ ಆಯಿತು, ಯೋಗೇಶ್ವರ್ 25 ಸಾವಿರಕ್ಕೂ ಜಾಸ್ತಿ ಮತಗಳ ಅಂತರದಲ್ಲಿ ಗೆದ್ದರು. ಟಿವಿಯಲ್ಲಿ ಕೂತವರು ಪಕ್ಷಗಳ ಬಲಾಬಲದ ಲೆಕ್ಕ ಹಾಕಿದರು. ಯಾವ ಪಕ್ಷ ಅಂತ ಕೇಳಬಾರದು, ಅಲ್ವಾ?

2028ಕ್ಕೆ ಫ್ಲೆಕ್ಸ್ ಮಾಡಿಸುವವರಿಗೆ ಒಂದು ಮಾತು. ಫೋಟೊ ಗಟ್ಟಿಯಾಗಿ ಪ್ರಿಂಟ್ ಹಾಕಿಸಿ. ಗುರುತನ್ನು ಮಾತ್ರ ಸ್ಟಿಕ್ಕರ್ ಮಾಡಿ ಅಂಟಿಸಿ, ಕೀಳುವಾಗ ಸುಲಭ.