"ಕತ್ತಲೆ ಕತ್ತಲೆ" ಅಂದ ನೆಂಟರಿಗೆ

ಮಾರ್ಕ್ಸ್‌ಬುರ್ಗ್ ಕೋಟೆ ನೋಡ್ಕೊಂಡು (ಜರ್ಮನಿಯಲ್ಲಿದೆ) ಇಳಿದು ಬರುವಾಗ ಊರಿಂದ ಬಂದ ನೆಂಟರ ತೀರ್ಪು: "ಅಷ್ಟೇನಾ? ಒಳಗೆಲ್ಲ ಕತ್ತಲೆ ಕತ್ತಲೆ. ಅರಮನೆ ತರಾನೇ ಇಲ್ವಲ್ಲ." ಅಲ್ಲಿ ಬಾಯಿ ಮುಚ್ಕೊಂಡಿದ್ದೆ. ಇಲ್ಲಿ ಆಗಲ್ಲ.

ಸ್ವಾಮಿ, ಅದು ಅರಮನೆ ಅಲ್ಲ! ಬಿಂಗೆನ್‌ನಿಂದ ಕೊಬ್ಲೆನ್ಜ್‌ವರೆಗೆ ರೈನ್ ನದಿಯ ಎರಡೂ ದಡದಲ್ಲಿ ಗುಡ್ಡಕ್ಕೊಂದು ಕೋಟೆ. ಅಷ್ಟೂ ಕೋಟೆಗಳಲ್ಲಿ ನಾಶವಾಗದೆ ಉಳಿದ ಬೆಟ್ಟದ ಕೋಟೆ ಇದೊಂದೇ. ನೀವು ದೋಣಿಯಿಂದ ಬಾಯಿಬಿಟ್ಟು ನೋಡಿದ ಸ್ಟೋಲ್ಜೆನ್‌ಫೆಲ್ಸ್ ಕೋಟೆ ಇದೆಯಲ್ಲ, ಅದರ ಹಳೇದನ್ನ 1689ರಲ್ಲಿ ಫ್ರೆಂಚರು ಸುಟ್ಟರು. ಈಗಿನ ಚೆಂದವೆಲ್ಲ 19ನೇ ಶತಮಾನದಲ್ಲಿ ಪ್ರಷ್ಯಾದವರು (ಆಗಿನ ಒಂದು ಜರ್ಮನ್ ರಾಜ್ಯ) ಕಟ್ಟಿಸಿದ್ದು.

ಇಲ್ಲಿ ಏನಿಲ್ಲ ಹೇಳಿ? ಕುದುರೆ ಹತ್ತಲಿ ಅಂತ ಬಂಡೆಯಲ್ಲೇ ಕಡಿದ ಮೆಟ್ಟಿಲು. ನನ್ನ ಫ್ರಾಂಕ್‌ಫರ್ಟ್ ಮನೆಯ ಅಡುಗೆಮನೆಯನ್ನೇ ನುಂಗುವಂಥ ಒಲೆ. ಗೋಡೆಯಿಂದ ಆಚೆಗೆ ಚಾಚಿಕೊಂಡ ಕಕ್ಕಸು (ಮಕ್ಕಳು ಗೈಡ್ ಮಾತು ಕೇಳಿದ್ದು ಅಲ್ಲಿ ಮಾತ್ರ). ಕಿಟಕಿ ಸಣ್ಣವು, ಹೌದು. ಬಾಣ ಬಿಡೋರ ಎದುರು ಬಾಲ್ಕನಿ ಕಟ್ತಾರಾ?

ರಜೆಗೆ ಬಂದವರು ಚೆಂದದ್ದು ನೋಡ್ಬೇಕು ಅಂದ್ರೆ ತಪ್ಪೇನು ಅಂತೀರಿ. ಏನೂ ತಪ್ಪಿಲ್ಲ, ಬವೇರಿಯಾದ ಅರಮನೆ ನೊಯ್‌ಶ್ವಾನ್‌ಸ್ಟೈನ್‌ಗೆ ಹೋಗಿ. 1869ರಲ್ಲಿ ಅಡಿಗಲ್ಲು ಬಿದ್ದದ್ದು, ಬಿಸಿಗಾಳಿ ಹೀಟಿಂಗ್ ಸಮೇತ. ಅದರ ಮುಂದೆ ನಿಂತು "ಮಧ್ಯಯುಗದ ಕೋಟೆ" ಅಂತ ಸ್ಟೇಟಸ್ ಹಾಕಿ, ನಿಜವಾದ ಮಧ್ಯಯುಗದೊಳಗೆ ಬಂದು ಮೂಗು ಮುರೀಬೇಡಿ ಅಷ್ಟೇ.

ನಿಜ ಹೇಳ್ಲಾ? ನನ್ನ ಹೊಟ್ಟೆಯುರಿಗೆ ಬೇರೆ ಕಾರಣ ಇದೆ. ಈ ಸೀಮೆ ಆಳಿದ ನಸ್ಸೌ ದೊರೆಗಳು ಮಾರ್ಕ್ಸ್‌ಬುರ್ಗನ್ನ ಸೆರೆಮನೆ ಮಾಡಿದ್ರು, ಕೈಕಾಲು ಕಳ್ಕೊಂಡ ಸೈನಿಕರನ್ನ ಇಟ್ಟಿದ್ರು. ಏನೋ ಒಂದು ಉಪಯೋಗಕ್ಕೆ ಬರ್ತಿತ್ತು, ಹಾಗಾಗಿ ಯಾರೂ ಕಲ್ಲು ಕೀಳಲಿಲ್ಲ. 1900ರಲ್ಲಿ ಜರ್ಮನ್ ಕೋಟೆಗಳ ಸಂಘ ಕೊಂಡುಕೊಳ್ತು. 1945ರ ಮಾರ್ಚ್‌ನಲ್ಲಿ ಅಮೆರಿಕದವರ ಫಿರಂಗಿ ಗುಂಡು ಬಿತ್ತು, ರಿಪೇರಿ ಮಾಡಿಸಿದ್ರು. ಕಾವೇರಿ ದಡದ ಶ್ರೀರಂಗಪಟ್ಟಣದಲ್ಲಿ "ಇಲ್ಲಿ ಟಿಪ್ಪುವಿನ ಲಾಲ್ ಮಹಲ್ ಇತ್ತು" ಅಂತ ಬರೀ ಪಾಯ ನೋಡಿ ಬೆಳೆದವಳು ನಾನು. ಇಡೀ ಕೋಟೆ ಕಣ್ಣೆದುರು ಇರುವಾಗ "ಅಷ್ಟೇನಾ" ಅಂದ್ರೆ ಮೈಯೆಲ್ಲ ಉರಿಯುತ್ತೆ.

ಜಪಾನಿನ ಮಿಯಾಕೊ ದ್ವೀಪದಲ್ಲಿ ಇದೇ ಮಾರ್ಕ್ಸ್‌ಬುರ್ಗಿನ ನಕಲು ಕಟ್ಟಿದ್ದಾರೆ. ಹೊಚ್ಚ ಹೊಸದೇ ಬೇಕು ಅನ್ನೋರು ಅಲ್ಲಿಗೆ ಟಿಕೆಟ್ ಮಾಡಿಸಿ. ವೀಸಾ ಫಾರಂ ನಾನೇ ತುಂಬಿಕೊಡ್ತೀನಿ.