ಅವ್ವ ನಡೆದ ಕಡಲ ದಾರಿಯಂಥದ್ದು ಮಡಿಕೇರಿಗೂ ಬೇಕು

ಕೊಡಗಿಗೆ ಕಡಲಿಲ್ಲ. ನಾವು ಕಡಲು ನೋಡಬೇಕು ಅಂದರೆ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು. ಅಲ್ಲಿಗೆ ಹೋದರೂ ಮರಳಲ್ಲಿ ಅರ್ಧ ಗಂಟೆ ನಿಂತು, ಕಾಲು ತೊಳೆದುಕೊಂಡು, ಕತ್ತಲಾಗುವ ಮುಂಚೆ ಘಾಟಿ ಹತ್ತಬೇಕು ಅಂತ ಹೊರಡುವವರೇ ಜಾಸ್ತಿ. ಹಾಗಾಗಿ ಎರಡು ವರ್ಷದ ಹಿಂದೆ ಜೂನ್‌ನಲ್ಲಿ, ಇಲ್ಲಿ ಮಳೆ ಶುರುವಾಗುವಾಗ, ಅವ್ವನನ್ನು ಕರೆದುಕೊಂಡು ಸಿಡ್ನಿಯಲ್ಲಿರುವ ತಮ್ಮನ ಮನೆಗೆ ಹೋದಾಗ, "ನಾಳೆ ಕಡಲ ಪಕ್ಕ ವಾಕ್ ಹೋಗೋಣ" ಅಂತ ತಮ್ಮ ಹೇಳಿದ್ದಕ್ಕೆ ನಾನು ಬೇಡ ಅಂದಿದ್ದೆ. ಅವ್ವನಿಗೆ 71. ಎರಡೂ ಮಂಡಿ ನೋವು.

ಬಾಂಡೈ ಬೀಚಿನಿಂದ ಕೂಜಿ ಬೀಚಿನವರೆಗೆ ಸುಮಾರು 6 ಕಿಲೋಮೀಟರ್ ನಡೆಯುವ ದಾರಿ ಇದೆ. ಕಡಲ ಅಂಚಿನ ಬಂಡೆಗಳ ಮೇಲೇ ಹೋಗುತ್ತದೆ. ಪೂರ್ತಿ ನಡೆಯಲು ಎರಡು ಮೂರು ಗಂಟೆ ಬೇಕು. ಅಷ್ಟು ಬೇಡ ಅಂದರೆ ಬಾಂಡೈಯಿಂದ ಬ್ರಾಂಟಿ ಬೀಚಿನವರೆಗೆ ಎರಡೂವರೆ ಕಿಲೋಮೀಟರ್ ನಡೆದು, ಅಲ್ಲೇ ಬಸ್ ಹತ್ತಿ ವಾಪಸ್ ಬರಬಹುದು. ನಾವು ಮಾಡಿದ್ದು ಇದನ್ನೇ. ಇಡೀ ದಾರಿಗೆ ಟಿಕೆಟ್ ಇಲ್ಲ, ಗೇಟಿಲ್ಲ. ಅವ್ವ ಎರಡು ಸಲ ಕೇಳಿದರು, "ಇದಕ್ಕೆ ದುಡ್ಡು ಕೊಡೋದು ಎಲ್ಲಿ?" ಅಂತ.

ಬಾಂಡೈ ಬೀಚಿನ ದಕ್ಷಿಣದ ತುದಿಯಲ್ಲಿ, ಬಂಡೆಗೆ ತಾಗಿಕೊಂಡೇ ಒಂದು ಈಜುಕೊಳ ಇದೆ. ಅಲೆ ಜೋರಾಗಿ ಬಂದಾಗ ಗೋಡೆ ಹಾರಿ ಕೊಳದೊಳಗೇ ಬೀಳುತ್ತದೆ. ಅಲ್ಲಿನ ಐಸ್‌ಬರ್ಗ್ಸ್ ಈಜು ಕ್ಲಬ್ 1929ರಲ್ಲಿ ಶುರುವಾದದ್ದು. ಅಲ್ಲಿ ಸದಸ್ಯತ್ವ ಉಳಿಯಬೇಕಾದರೆ ಚಳಿಗಾಲದಲ್ಲಿ ತಿಂಗಳ ನಾಲ್ಕು ಭಾನುವಾರಗಳಲ್ಲಿ ಮೂರು ಭಾನುವಾರವಾದರೂ ಈಜಬೇಕು, ಅದೂ ಐದು ವರ್ಷ. ಆಸ್ಟ್ರೇಲಿಯಾದಲ್ಲಿ ಜೂನ್ ಅಂದರೆ ಚಳಿಗಾಲ. ನಾವು ಸ್ವೆಟರ್ ಹಾಕಿಕೊಂಡು ಮೇಲೆ ನಿಂತಿದ್ದೆವು. ಕೆಳಗೆ ಅವ್ವನಷ್ಟೇ ವಯಸ್ಸಿನ ಒಬ್ಬ ಹೆಂಗಸು ನೀರಿನಿಂದ ಎದ್ದು ಬಂದು, ಕೂದಲು ಹಿಂಡಿ, ಟವೆಲ್ ಹೊದ್ದು, ಫ್ಲಾಸ್ಕಿನ ಮುಚ್ಚಳಕ್ಕೆ ಬಿಸಿಬಿಸಿ ಏನನ್ನೋ ಬಗ್ಗಿಸಿಕೊಂಡು ಕುಡಿದರು. ಅವ್ವ ಅವರನ್ನೇ ನೋಡುತ್ತಾ ನಿಂತುಬಿಟ್ಟರು. ಆಮೇಲೆ ಸೀರೆಯ ನೆರಿಗೆ ಸ್ವಲ್ಪ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿ, "ನಡಿ, ಹೋಗೋಣ" ಅಂದರು.

ದಾರಿಯಲ್ಲಿ ಮೆಟ್ಟಿಲುಗಳಿವೆ, ಇಲ್ಲ ಅಂತ ಹೇಳೋದಿಲ್ಲ. ವೀಲ್‌ಚೇರಿನಲ್ಲಿ ಪೂರ್ತಿ ಹೋಗಲು ಆಗಲ್ಲ. ಆದರೆ ಕಷ್ಟದ ಕಡೆ ಹಿಡಿದುಕೊಳ್ಳಲು ಕಂಬಿ ಇದೆ, ದಾರಿಯುದ್ದಕ್ಕೂ ಅಲ್ಲಲ್ಲಿ ಬೆಂಚ್ ಇದೆ, ಬೀಚುಗಳಲ್ಲಿ ಶೌಚಾಲಯ ಇದೆ. ಅವ್ವ ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ಅಂತ ಲೆಕ್ಕ ಹಾಕಿಕೊಂಡು ನಡೆದರು. ಮೆಕೆಂಜೀಸ್ ಪಾಯಿಂಟ್ ಅನ್ನುವ ಮೂಲೆಯಲ್ಲಿ ಕೂತಿದ್ದಾಗ, "ಅಗೋ, ನೀರಿನ ಮೇಲೆ ಹೊಗೆ" ಅಂದರು. ದೂರದಲ್ಲಿ ಬಿಳಿ ಹನಿಗಳು ಮೇಲೆ ಚಿಮ್ಮಿ ಗಾಳಿಗೆ ಚದುರಿದವು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಿಮ್ಮಿದವು. ತಿಮಿಂಗಿಲ! ಆ ತಿಂಗಳುಗಳಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ದಕ್ಷಿಣದ ತಣ್ಣನೆಯ ಕಡಲಿನಿಂದ ಉತ್ತರದ ಬೆಚ್ಚನೆಯ ನೀರಿಗೆ ಮರಿ ಹಾಕಲು ಹೋಗುತ್ತವೆ. ಜೀಪಿಲ್ಲದೆ, ಗೈಡಿಲ್ಲದೆ, ಮಂಡಿನೋವಿನ ನನ್ನ ಅವ್ವ ಬೆಂಚಿನ ಮೇಲೆ ಕೂತು ಅದನ್ನು ನೋಡಿದರು.

ಮುಂದೆ ಸಿಗುವ ಟಾಮರಾಮ ಪುಟ್ಟ ಬೀಚ್. ನೀರಿನ ಸೆಳೆತ ಮಾತ್ರ ಬಹಳ ಅಪಾಯ. ಅಲ್ಲಿನ ಬೀಚುಗಳಲ್ಲಿ ಕೆಂಪು ಹಳದಿ ಬಾವುಟ ನೆಡುತ್ತಾರೆ, ಅದರ ನಡುವೆಯೇ ಈಜಬೇಕು. ಅದು ದಾಟಿದರೆ ಬ್ರಾಂಟಿ.

ಮುಂದಿನ ವಾರ ಅವ್ವನೇ ಕೇಳಿದರು, ಉಳಿದ ದಾರಿಯನ್ನೂ ನಡೆಯೋಣ ಅಂತ. ಬ್ರಾಂಟಿ ಬಿಟ್ಟ ಮೇಲೆ ವೇವರ್ಲಿ ಸ್ಮಶಾನ ಸಿಗುತ್ತದೆ. 1877ರಲ್ಲಿ ಶುರುವಾದದ್ದು, ಕಡಲಿನ ಕಡೆ ಇಳಿಯುವ ಗುಡ್ಡದ ತುಂಬಾ ಬಿಳಿ ಸಮಾಧಿಗಳು. ಪೆಟ್ಟಿಗೆ ಗಾಳಿಪಟ ಕಟ್ಟಿ 1894ರಲ್ಲಿ ನೆಲದಿಂದ ಮೇಲೇರಿದ ಲಾರೆನ್ಸ್ ಹಾರ್‌ಗ್ರೇವ್ ಸಮಾಧಿಯೂ ಅಲ್ಲೇ ಇದೆ. ಜನ ಅದರ ಪಕ್ಕದಲ್ಲೇ ಮಕ್ಕಳ ಕೈ ಹಿಡಿದು ನಡೆಯುತ್ತಾರೆ. ಅವ್ವ ಚಪ್ಪಲಿ ಬಿಚ್ಚಬೇಕಾ ಅಂತ ಕೇಳಿದರು. ಬೇಡ ಅಂದೆ. "ನಮ್ಮ ಗದ್ದಿಗೆ ಥರ ಇದೆ, ಅಲ್ವಾ?" ಅಂದರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಮಡಿಕೇರಿಯಲ್ಲಿ ನಮಗೆ ಏನು ಕಮ್ಮಿ ಇದೆ ಹೇಳಿ? ಸೂರ್ಯ ಮುಳುಗುವುದನ್ನು ನೋಡಲು ರಾಜಾ ಸೀಟ್ ಇದೆ. ಎರಡು ಕಲ್ಲಾನೆಗಳಿರುವ ಕೋಟೆ ಇದೆ. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನ, ಅದರ ಮುಂದೆ ಕಲ್ಯಾಣಿ. ಆಮೇಲೆ ರಾಜರ ಸಮಾಧಿಗಳಿರುವ ಗದ್ದಿಗೆ. ಎಲ್ಲವೂ ಒಂದೇ ಊರಿನೊಳಗೆ. ಆದರೆ ಇವುಗಳ ನಡುವೆ ನಿಶ್ಚಿಂತೆಯಾಗಿ ನಡೆಯುವ ಒಂದು ದಾರಿ ಇಲ್ಲ. ಬಂದವರು ಕಾರಿನಿಂದ ಇಳಿಯುತ್ತಾರೆ, ಫೋಟೊ ತೆಗೆಯುತ್ತಾರೆ, ಕಾರು ಹತ್ತುತ್ತಾರೆ. ಊರಿನವರಾದ ನಾವೂ ಹಾಗೇ ಆಗಿದ್ದೇವೆ. ಊರಿಗೆ ಬಂದ ತಿಂಗಳೊಳಗೆ ಅವ್ವ ದೇವಸ್ಥಾನದಿಂದ ಮೇಲಕ್ಕೆ ನಡೆದೇ ಬರುತ್ತೇನೆ ಅಂತ ಹೊರಟರು. ಸಿಡ್ನಿಯಲ್ಲಿ 6 ಕಿಲೋಮೀಟರ್ ನಡೆದಿದ್ದವರು. ಚರಂಡಿ ಮೇಲಿನ ಒಂದು ಚಪ್ಪಡಿ ಅಲ್ಲಾಡಿ ಕಾಲು ಉಳುಕಿತು. ಮೂರು ವಾರ ಮನೆಯಲ್ಲೇ ಕೂತರು.

ನಮ್ಮಲ್ಲಿ ಮಳೆ ಜಾಸ್ತಿ, ಗುಡ್ಡ ಕುಸಿಯುತ್ತದೆ, ಇಂಥದ್ದೆಲ್ಲ ಇಲ್ಲಿ ಆಗಲ್ಲ ಅನ್ನುವವರಿದ್ದಾರೆ. 2018ರ ಆಗಸ್ಟ್ ನೋಡಿದ ನಮಗೆ ಆ ಭಯ ಇರೋದು ಸಹಜ, ನನಗೂ ಇದೆ. ಆದರೆ 2016ರ ಜೂನ್ ಬಿರುಗಾಳಿಯಲ್ಲಿ ಆ ಸ್ಮಶಾನದ ಹತ್ತಿರವೂ ಮಣ್ಣು ಕುಸಿದು ಕಡಲ ದಾರಿ ಮುಚ್ಚಿತ್ತು. ಬೇರೆ ಕಡೆಯಿಂದ ಸುತ್ತಿ ಹೋಗಲು ದಾರಿ ತೋರಿಸಿದರು, ರಿಪೇರಿ ಮಾಡಿ ಮತ್ತೆ ತೆರೆದರು. ಮತ್ತೆ ನಾನು ಕೇಳುತ್ತಿರುವುದು ಗುಡ್ಡ ಕೊರೆಯುವ ಕೆಲಸ ಅಲ್ಲ, ಗಾಜಿನ ಸೇತುವೆಯೂ ಅಲ್ಲ. ಇರುವ ರಸ್ತೆಯ ಅಂಚಿನಲ್ಲಿ ಅಲ್ಲಾಡದ ಕಲ್ಲು, ಇಳಿಜಾರಲ್ಲಿ ಕಂಬಿ, ಮಳೆಗೆ ನಿಲ್ಲಲು ಒಂದೆರಡು ಸೂರು, ಕೂರಲು ಬೆಂಚು.

ನಾನು ಒಂದು ನೋಟ್‌ಬುಕ್ಕಿನಲ್ಲಿ ರಾಜಾ ಸೀಟಿನಿಂದ ಗದ್ದಿಗೆವರೆಗಿನ ನಕ್ಷೆ ಬರೆಯಲು ಶುರು ಮಾಡಿದ್ದೇನೆ. ಎಲ್ಲಿ ಕಲ್ಲು ಅಲ್ಲಾಡುತ್ತದೆ, ಎಲ್ಲಿ ಕಾರು ನಿಲ್ಲಿಸಿ ದಾರಿ ಕಟ್ಟುತ್ತಾರೆ ಅಂತ ಗುರುತು ಹಾಕುತ್ತಿದ್ದೇನೆ. ಹಿಂದೆ ಶಾಲೆಗೆ, ಸಂತೆಗೆ ನಡೆದು ಹೋಗುತ್ತಿದ್ದ ಒಳದಾರಿಗಳು ನೆನಪಿರುವ ಮಡಿಕೇರಿಯ ಹಿರಿಯರು ದಯವಿಟ್ಟು ಕೆಳಗೆ ಬರೆಯಿರಿ. ಬರುವ ಭಾನುವಾರ ಮಳೆ ಬಿಟ್ಟರೆ ಬೆಳಿಗ್ಗೆ ಏಳಕ್ಕೆ ನಾನು ಕೋಟೆ ಹತ್ತಿರ ಇರುತ್ತೇನೆ. ಅವ್ವನೂ ಬರ್ತೀನಿ ಅಂದಿದ್ದಾರೆ.