ಒಂದು ತಾಳೆಮರ, ಒಂದು ಚಿಟಿಕೆ ಹಾವಸೆ

1979ರಲ್ಲಿ ಬಂಗಾಳದ ಶಾಂತಿನಿಕೇತನದ ಹತ್ತಿರ ಒಂದು ತಾಳೆಮರ ಹೂ ಬಿಡಲು ಶುರುಮಾಡಿತು. ಊರವರು ಭೂತದ ಮರ ಅಂತ ಹೆದರಿ ಕಡಿದುಹಾಕಿದರು. ಅದು ಕೋರಿಫಾ ತಾಲಿಯೆರಾ. ತಾನಾಗಿ ಹುಟ್ಟಿ ಬೆಳೆದವುಗಳಲ್ಲಿ ಗೊತ್ತಿದ್ದ ಕೊನೆಯ ಮರ. ಬದುಕಿನಲ್ಲಿ ಒಂದೇ ಸಲ ಹೂ ಬಿಟ್ಟು, ಕಾಯಿ ಹಣ್ಣಾಗಿಸಿ ಸಾಯುವ ಜಾತಿ ಅದು. ಆ ಒಂದು ಸಲಕ್ಕೂ ನಾವು ಬಿಡಲಿಲ್ಲ.

ಆ ಊರವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಇದರ ಹತ್ತಿರದ ನೆಂಟ ಶ್ರೀತಾಳೆ. ಅದು ಹೂ ಬಿಟ್ಟರೆ ಊರಿಗೆ ಕೇಡು ಅಂತ ನಮ್ಮ ಕರಾವಳಿಯಲ್ಲೂ ಕಡಿದಿದ್ದಾರೆ. ನಮ್ಮ ಹಿರಿಯರು ಓಲೆ ಬರೆದದ್ದು ಅದೇ ಮರದ ಗರಿಯ ಮೇಲೆ, ಅಲ್ವಾ?

ಪುಣ್ಯಕ್ಕೆ ಢಾಕಾ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ತಾಲಿಯೆರಾ ಇತ್ತು. 2008ರಲ್ಲಿ ಅದು ಹೂ ಬಿಟ್ಟಿತು. ಈ ಸಲ ಯಾರೂ ಕೊಡಲಿ ತರಲಿಲ್ಲ. ಕಾಯಿ ಆರಿಸಿಕೊಂಡರು, ಸಸಿ ಮಾಡಿದರು. ಮರ ಸತ್ತರೂ ಮಕ್ಕಳು ಉಳಿದವು.

ಈ ಕಥೆ ಹೇಳಿದರೆ ಎಲ್ಲರ ಕಣ್ಣೂ ಒದ್ದೆಯಾಗುತ್ತದೆ. ಹಾವಸೆ ಅಳಿಯುತ್ತಿದೆ ಅಂದರೆ ಮಾತ್ರ ಯಾರೂ ನಂಬುವುದಿಲ್ಲ. ತಪ್ಪೂ ಅಲ್ಲ. ಬೇಸಿಗೆಯಲ್ಲಿ ಬಾವಿಕಟ್ಟೆ ಮೇಲಿನ ಹಾವಸೆ ಮುಟ್ಟಿ ನೋಡಿ. ಕಂದು ಬಣ್ಣಕ್ಕೆ ತಿರುಗಿ, ಬೆರಳಿಗೆ ಪುಡಿಪುಡಿಯಾಗುತ್ತದೆ. ಒಂದು ತಂಬಿಗೆ ನೀರು ಚೆಲ್ಲಿ, ಸ್ವಲ್ಪ ಹೊತ್ತಿಗೇ ಎಲೆ ಬಿಚ್ಚಿ ಹಸಿರಾಗುತ್ತದೆ. ಇಂಥದ್ದು ಸಾಯುತ್ತದಾ?

ಸಾಯುತ್ತದೆ. ಟಿಬೆಟ್‌ನಲ್ಲಿ, 4,000 ಮೀಟರಿಗಿಂತ ಎತ್ತರದಲ್ಲಿ, ತಕಾಕಿಯಾ ಅನ್ನುವ ಪುಟ್ಟ ಹಾವಸೆ ಇದೆ. ವರ್ಷದಲ್ಲಿ 8 ತಿಂಗಳು ಹಿಮದಡಿಯಲ್ಲೇ ಇರುತ್ತದೆ. ಇದರ ವಂಶಕ್ಕೆ ಸುಮಾರು 39 ಕೋಟಿ ವರ್ಷ. ಹಿಮಾಲಯ ಏಳುವುದಕ್ಕೆ ಎಷ್ಟೋ ಮೊದಲೇ ಇದು ಇತ್ತು. ನೆಲ ಮೇಲೆದ್ದ ಹಾಗೆ ಚಳಿಗೂ ಸುಡುಬಿಸಿಲಿಗೂ ಒಗ್ಗಿಕೊಂಡಿತು. ಈಗ ಅಲ್ಲಿ ಬಿಸಿ ಏರುತ್ತಿದೆ, ಹಿಮನದಿ ಹಿಂದೆ ಸರಿಯುತ್ತಿದೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಳೆದ ವಿಜ್ಞಾನಿಗಳು 2023ರಲ್ಲಿ ಹೇಳಿದ್ದು, ತಕಾಕಿಯಾ ವರ್ಷಕ್ಕೆ ಶೇ 1.6ರಷ್ಟು ಕಡಿಮೆಯಾಗುತ್ತಿದೆ ಅಂತ.

ನನಗೆ ತಾಳೆಗಿಂತ ಇದರ ಚಿಂತೆಯೇ ಜಾಸ್ತಿ. ತಾಳೆಯನ್ನು ಕೊಂದದ್ದು ಕೊಡಲಿ. ಕೈ ಹಿಡಿದು ತಡೆಯಬಹುದಿತ್ತು. ತಕಾಕಿಯಾ ಕಡೆಗೆ ಕೊಡಲಿ ಹಿಡಿದು ಯಾರೂ ಹೋಗಿಲ್ಲ. ನಾವು ಇಲ್ಲಿ ಸುಡುವ ಪೆಟ್ರೋಲು, ಕಲ್ಲಿದ್ದಲೇ ಅಲ್ಲಿಗೆ ಮುಟ್ಟುತ್ತಿದೆ. ತಾಳೆಯ ಬೀಜವನ್ನು ಯಾವ ತೋಟದಲ್ಲಾದರೂ ಊರಬಹುದು. ಆ ಚಳಿಯನ್ನು ಎಲ್ಲಿಂದ ತರೋಣ?

ಆದರೂ ಕೈಬಿಟ್ಟಿಲ್ಲ. ಪ್ರಯೋಗಾಲಯದಲ್ಲಿ ತಕಾಕಿಯಾ ಬೆಳೆಸಿ, ಮತ್ತೆ ಟಿಬೆಟ್‌ಗೆ ಒಯ್ದು ನೆಟ್ಟಿದ್ದಾರೆ. ಐದು ವರ್ಷ ಕಳೆದ ಮೇಲೂ ಕೆಲವು ಹಸಿರಾಗಿದ್ದವಂತೆ.